ವಿಂಡೋಸ್ ಪಕ್ಕದಲ್ಲಿ ಉಬುಂಟು: ಮೊದಲು ಕೀ, ಆಮೇಲೆ ಪೆನ್‌ಡ್ರೈವ್

ಓಎಸ್ ಲ್ಯಾಬ್ ಶುರುವಾದ ಕೂಡಲೇ ನಮಗೆಲ್ಲ ಲಿನಕ್ಸ್ ಬೇಕಾಗುತ್ತದೆ. ಫೋರ್ಕ್ ಬಳಸಿದ ಪ್ರೋಗ್ರಾಂ ವಿಂಡೋಸ್‌ನಲ್ಲಿ ನೇರವಾಗಿ ಓಡಲ್ಲ. ಹಾಗಂತ ವಿಂಡೋಸ್ ಬಿಡೋಕೂ ಆಗಲ್ಲ, ಸಾಲಿಡ್‌ವರ್ಕ್ಸ್ ಓಡುವುದು ಅದರಲ್ಲೇ. ಬರೀ ಲ್ಯಾಬ್ ಪ್ರೋಗ್ರಾಂ ಓಡಿದರೆ ಸಾಕು ಅನ್ನುವವರಿಗೆ ಡಬ್ಲ್ಯೂಎಸ್‌ಎಲ್ ಸಾಕು, ಅವರು ಇಲ್ಲಿಗೇ ಓದು ನಿಲ್ಲಿಸಬಹುದು. ಪೂರ್ತಿ ಲಿನಕ್ಸ್ ಬೇಕು, ವಿಂಡೋಸೂ ಇರಲಿ ಅನ್ನುವವರಿಗೆ ಡ್ಯುಯಲ್ ಬೂಟ್.

ಇನ್‌ಸ್ಟಾಲ್ ಮಾಡೋದು ಕಷ್ಟದ ಕೆಲಸವೇನಲ್ಲ, ಅರ್ಧ ಗಂಟೆ ಸಾಕು. ಅಪಾಯ ಇರೋದು ಅದಕ್ಕೂ ಮುಂಚೆ. ಅಪ್ಪ ಇನ್ನೂ ಇಎಂಐ ಕಟ್ಟುತ್ತಿರುವ ಲ್ಯಾಪ್‌ಟಾಪ್, ಅದರೊಳಗೆ ಮಿನಿ ಪ್ರಾಜೆಕ್ಟ್, ರೆಕಾರ್ಡ್, ಮನೆಯವರ ಫೋಟೋ ಎಲ್ಲ ಇರುತ್ತದೆ. ಆದ್ದರಿಂದ ಮೊದಲು ಬೇಕಾದ ಫೈಲುಗಳನ್ನು ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿ.

ಎರಡನೆಯದು ಬಿಟ್‌ಲಾಕರ್. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ನಮಗೆ ಗೊತ್ತೇ ಇರಲ್ಲ. ಆಮೇಲೆ ಬಯಾಸ್‌ನಲ್ಲಿ ಏನಾದರೂ ಬದಲಿಸಿದರೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಕೈಲಿ ಇಲ್ಲದಿದ್ದರೆ ಒಳಗಿನ ಫೈಲುಗಳು ಸಿಗುವ ದಾರಿಯೇ ಇಲ್ಲ, ಸರ್ವಿಸ್ ಸೆಂಟರಿಗೆ ಹೋದರೂ ಅಷ್ಟೇ. ಕೀ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಸೆಟಪ್ ಮಾಡಿದವರ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ: ಅಂಗಡಿಯವರೋ ಅಣ್ಣನೋ ತಮ್ಮ ಮೇಲ್ ಐಡಿ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವರ ಹತ್ತಿರವೇ ಉಳಿದಿರುತ್ತದೆ. ಹುಡುಕಿ, ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿದರೆ ಏನೂ ಉಪಯೋಗ ಇಲ್ಲ! ಇನ್ನೂ ನೆಮ್ಮದಿ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಕ್ರಿಪ್ಟ್ ಮುಗಿಯುವ ತನಕ ಕಾಯಿರಿ.

ಈಗ ಜಾಗ. ಸಿ ಡ್ರೈವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಶ್ರಿಂಕ್ ಮಾಡಿ. ಉಬುಂಟು 25 ಜಿಬಿ ಕೇಳುತ್ತದೆ, ನಾವು 60 ಬಿಡಿ ಅನ್ನುತ್ತೇವೆ. 200 ಜಿಬಿ ಖಾಲಿ ಇದ್ದರೂ ಕೆಲವೊಮ್ಮೆ ಸ್ವಲ್ಪವೇ ಶ್ರಿಂಕ್ ಆಗುತ್ತದೆ, ಯಾಕೆಂದರೆ ಹೈಬರ್ನೇಷನ್ ಫೈಲಿನಂಥವು ನಡುವೆ ಕೂತು ಕದಲುವುದಿಲ್ಲ. ಹೈಬರ್ನೇಷನ್ ಆಫ್ ಮಾಡಿ ಮತ್ತೆ ನೋಡಿ. ಇದರಿಂದ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಹೋಗಲೇಬೇಕು. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗಲ್ಲ, ಲಿನಕ್ಸ್‌ನಿಂದ ಆ ಡ್ರೈವಿಗೆ ಏನೂ ಬರೆಯಲಾಗದೆ ಇರಬಹುದು.

8 ಜಿಬಿ ಪೆನ್‌ಡ್ರೈವ್ ತಗೊಂಡು ರೂಫಸ್‌ನಿಂದ ಉಬುಂಟು 24.04 ಹಾಕಿ (ಅದರಲ್ಲಿದ್ದ ಸಿನಿಮಾಗಳು ಅಳಿಸಿ ಹೋಗುತ್ತವೆ, ನೋಡಿಕೊಳ್ಳಿ). ಅದರಿಂದ ಬೂಟ್ ಆದ ಮೇಲೆ ಮೊದಲು ಟ್ರೈ ಉಬುಂಟು ಒತ್ತಿ ವೈಫೈ, ಟಚ್‌ಪ್ಯಾಡ್ ಪರೀಕ್ಷಿಸಿ. ಇನ್‌ಸ್ಟಾಲರ್‌ನಲ್ಲಿ ಇರೇಸ್ ಡಿಸ್ಕ್ ಅನ್ನುವ ಆಯ್ಕೆಯ ಹತ್ತಿರವೂ ಹೋಗಬೇಡಿ. ಮ್ಯಾನ್ಯುಯಲ್ ಆರಿಸಿ, ಖಾಲಿ ಬಿಟ್ಟ ಜಾಗದಲ್ಲಿ ಮಾತ್ರ ಇಎಕ್ಸ್‌ಟಿ4 ಪಾರ್ಟಿಷನ್ ಮಾಡಿ ರೂಟ್‌ಗೆ ಕೊಡಿ. ಇಎಫ್‌ಐ ಅನ್ನುವ ಪುಟ್ಟ ಪಾರ್ಟಿಷನ್ ಇರುತ್ತದಲ್ಲ, ಅದನ್ನು ಫಾರ್ಮ್ಯಾಟ್ ಮಾಡಬಾರದು. ವಿಂಡೋಸ್‌ನ ಬೂಟ್‌ಲೋಡರ್ ಇರುವುದೇ ಅಲ್ಲಿ. ಉಬುಂಟುವಿನ ಗ್ರಬ್ ಅದೇ ಪಾರ್ಟಿಷನ್ನಿನಲ್ಲಿ ಬೇರೆ ಫೋಲ್ಡರ್ ಮಾಡಿಕೊಂಡು ಇರುತ್ತದೆ, ಜಗಳ ಇಲ್ಲ.

ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿನೇ ಕಾಣದಿದ್ದರೆ ಇಂಟೆಲ್‌ನ ವಿಎಂಡಿ ಅಥವಾ ಆರ್‌ಎಸ್‌ಟಿ ಆನ್ ಇರಬಹುದು. ಬಯಾಸ್‌ಗೆ ಹೋಗಿ ಸೀದಾ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ಹೋಗಬಹುದು. ಮೊದಲು ವಿಂಡೋಸ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ಆಮೇಲೆ ಎಎಚ್‌ಸಿಐಗೆ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಬೂಟ್ ಆದ ಮೇಲೆ ಟಿಕ್ ತೆಗೆಯಿರಿ. ಬರೆದಿಟ್ಟ 48 ಅಂಕಿ ಬೇಕಾಗುವುದು ಇಂಥ ಕಡೆಯೇ.

ಎಲ್ಲ ಮುಗಿದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಗಾಬರಿ ಬೇಡ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಉಬುಂಟುವಿನಲ್ಲಿ ಟೈಮ್‌ಡೇಟ್‌ಸಿಟಿಎಲ್‌ನಿಂದ ಲೋಕಲ್ ಆರ್‌ಟಿಸಿ 1 ಅಂತ ಸೆಟ್ ಮಾಡಿದರೆ ಸರಿಹೋಗುತ್ತದೆ.

ಕನ್ನಡ ಟೈಪಿಂಗ್‌ಗೆ ಬೇರೇನೂ ಡೌನ್‌ಲೋಡ್ ಬೇಡ, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ ಲೇಔಟ್ ಸೇರಿಸಿ. ಟರ್ಮಿನಲ್‌ನಲ್ಲಿ ಮಾತ್ರ ಒತ್ತಕ್ಷರಗಳು ಇನ್ನೂ ಸರಿಯಾಗಿ ಕೂರಲ್ಲ.