ಪಿಕಪ್ಪಿನ ಕ್ಲಚ್ ಸಿಲಿಂಡರನ್ನು ಬದಲಿಸುವ ಕ್ರಮ

ಘಾಟ್ಕೋಪರಿನ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ಮುಂಜಾನೆ ವಾಶಿಯ ಮಾರುಕಟ್ಟೆಯಿಂದ ತರಕಾರಿ ಹೇರಿಕೊಂಡು ಬರುವ ಪಿಕಪ್ಪುಗಳು ಮಾರುಮಾರಿಗೂ ನಿಂತು ನಿಂತು ಹೊರಡುವುದನ್ನು ಕಂಡವರಿಗೆ, ಅವುಗಳ ಕ್ಲಚ್ಚಿಗೆ ಎಂತಹ ದುಡಿಮೆಯೆಂಬುದನ್ನು ವಿವರಿಸಬೇಕಾದುದಿಲ್ಲ. ಇಂತಹ ವಾಹನದ ಪೆಡಲು ಒಂದು ದಿನ ಮೆತ್ತಗಾಗಿ, ರಿವರ್ಸ್ ಗೇರು ಕರಕರನೆ ಕೂಗಿ ಬೀಳಲೊಲ್ಲದೆ ಹೋದಾಗ, 'ಪ್ಲೇಟು ಹೋಯಿತು' ಎಂಬ ತೀರ್ಪನ್ನು ಅವಸರದಲ್ಲಿ ಕೊಟ್ಟು, ಗೇರ್‌ಬಾಕ್ಸನ್ನು ಇಳಿಸಿ, ದಿನದ ಬಾಡಿಗೆಯನ್ನೂ ಸಾವಿರಾರು ರೂಪಾಯಿಗಳನ್ನೂ ವ್ಯಯಮಾಡಿ, ಪ್ಲೇಟು ಸುಸ್ಥಿತಿಯಲ್ಲಿಯೇ ಇತ್ತೆಂಬುದನ್ನು ಆಮೇಲೆ ಅರಿತುಕೊಳ್ಳುವವರು ನಮ್ಮ ಜನರಲ್ಲಿ ಬಹಳ. ಇವರಲ್ಲಿ ಅನೇಕರಿಗೆ ಬೇಕಾಗಿದ್ದುದು ಎರಡು ಬೋಲ್ಟುಗಳಿಂದ ಬಿಗಿದಿರುವ ಒಂದು ಸಣ್ಣ ಸಿಲಿಂಡರು ಮಾತ್ರ.

ಬೊಲೆರೊ ಪಿಕಪ್ಪಿನಂತಹ ವಾಹನದಲ್ಲಿ ಪೆಡಲನ್ನು ಒತ್ತಿದಾಗ ಗ್ಯಾರೇಜಿನವರು 'ಅಪ್ಪರ್' ಎನ್ನುವ ಮೇಲಿನ ಸಿಲಿಂಡರು ಬ್ರೇಕ್ ಆಯಿಲನ್ನು ಪೈಪಿನೊಳಗೆ ತಳ್ಳುತ್ತದೆ. ಗೇರ್‌ಬಾಕ್ಸಿನ ಮಗ್ಗುಲಲ್ಲಿರುವ 'ಲೋವರ್' ಆ ಒತ್ತಡದಿಂದ ಒಂದು ಕಡ್ಡಿಯನ್ನು ದೂಡಿ ಕ್ಲಚ್ಚಿನ ಫೋರ್ಕನ್ನು ಸರಿಸುತ್ತದೆ. ಕೇಬಲ್ ಕ್ಲಚ್ಚಿನ ಚಿಕ್ಕ ಗಾಡಿಗಳಿಗೆ ಈ ಲೇಖನ ಅನ್ವಯಿಸದು.

ಮೊದಲು ರೋಗನಿರ್ಣಯ. ಅಸಲ್ಫಾದ ಏರಿನಲ್ಲಿ ಎಂಜಿನ್ನು ಬೊಬ್ಬಿಟ್ಟರೂ ಗಾಡಿ ಮುಂದುವರಿಯದಿದ್ದರೆ ದೋಷವು ಪ್ಲೇಟಿನದೆಂದು ಶಂಕಿಸಬಹುದು. ಅದಕ್ಕೆ ಬದಲಾಗಿ, ಪೆಡಲನ್ನು ಎರಡು ಮೂರು ಸಲ ಬೇಗಬೇಗನೆ ಒತ್ತಿದ ಮೇಲೆ ಮಾತ್ರ ಗೇರು ಬೀಳುತ್ತಿದ್ದರೆ ದೋಷವು ಆಯಿಲಿನ ಮಾರ್ಗದಲ್ಲಿದೆ. ಲೋವರಿನ ರಬ್ಬರ್ ಮುಸುಕನ್ನು ಬೆರಳಿನಿಂದ ಮಡಿಸಿ ನೋಡಿರಿ. ಒಳಗೆ ಒದ್ದೆಯಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಒದ್ದೆಯು ಕ್ಯಾಬಿನ್ನಿನೊಳಗೆ ಪೆಡಲಿನ ಬುಡದಲ್ಲಿದ್ದರೆ ಅಪ್ಪರು ಸೋರುತ್ತಿದೆ. ಎಲ್ಲಿಯೂ ಸೋರದೆ, ಆಯಿಲಿನ ಡಬ್ಬಿಯ ಮಟ್ಟವೂ ಇಳಿಯದೆ, ಒತ್ತಿ ಹಿಡಿದ ಪೆಡಲು ಮೆಲ್ಲಮೆಲ್ಲನೆ ಕುಸಿಯುತ್ತಿದ್ದರೆ ಆಗಲೂ ಹೆಚ್ಚಾಗಿ ಅಪ್ಪರೇ ಅಪರಾಧಿ.

ಸಾಮಾನಿಗಾಗಿ ಕುರ್ಲಾದ ಸಿ.ಎಸ್.ಟಿ. ರಸ್ತೆಗೆ ಹೋಗುವವರು ಹಳೆಯ ಸಿಲಿಂಡರನ್ನು ಕೈಯಲ್ಲಿ ಹಿಡಿದೇ ಹೋಗತಕ್ಕದ್ದು. ಒಂದೇ ಮಾದರಿಯ ಗಾಡಿಗೂ ವರ್ಷದಿಂದ ವರ್ಷಕ್ಕೆ ಕೊಳವೆಯ ವ್ಯಾಸ ಹಾಗೂ ಕಡ್ಡಿಯ ಉದ್ದ ಭಿನ್ನವಾಗಿರುವುದುಂಟು. ರಬ್ಬರುಗಳ ಕಿಟ್ ಮಾತ್ರ ಹಾಕಿಸಿ ಹಣ ಉಳಿಸುವ ಪದ್ಧತಿಯನ್ನು ನಾನು ಪುರಸ್ಕರಿಸಲಾರೆ. ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವವಿರುವುದರಿಂದ, ಮುಂಬಯಿಯ ಆರ್ದ್ರ ಹವೆಯಲ್ಲಿ ವರುಷಗಟ್ಟಲೆ ಆಯಿಲು ಬದಲಿಸದ ಸಿಲಿಂಡರಿನ ಒಳಮೈ ತುಕ್ಕಿನಿಂದ ಗುಳಿಬಿದ್ದಿರುತ್ತದೆ. ಆ ಗುಳಿಗಳ ಮೇಲೆ ಹೊಸ ರಬ್ಬರು ಎಷ್ಟು ದಿನ ಬಾಳೀತು?

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಎತ್ತುವುದಾದರೆ ಸ್ಟ್ಯಾಂಡಿನ ಮೇಲೆ ಇರಿಸಿರಿ. ಕೇವಲ ಜಾಕನ್ನು ನಂಬಿ ಕೆಳಗೆ ಮಲಗುವವರಿಗೆ ನಾನು ಹೇಳುವುದೇನೂ ಇಲ್ಲ. ಲೋವರಿನ ಸುತ್ತಣ ಕೆಸರನ್ನು ಒರಸಿದ ಮೇಲೆ, ಸಿಲಿಂಡರು ಇನ್ನೂ ಬೋಲ್ಟುಗಳಲ್ಲಿ ಬಿಗಿಯಾಗಿರುವಾಗಲೇ ಪೈಪಿನ ನಟ್ಟನ್ನು ಸಡಿಲಿಸಬೇಕು, ತರುವಾಯ ಬೋಲ್ಟುಗಳು. ಲೋವರು ಕಳಚಿರುವಾಗ ಯಾರೂ ಪೆಡಲನ್ನು ತುಳಿಯಬಾರದು. ಹೊಸದನ್ನು ಕೂರಿಸುವಾಗ ಕಡ್ಡಿಯ ತುದಿ ಫೋರ್ಕಿನ ಕುಳಿಯಲ್ಲಿ ನೆಟ್ಟಗೆ ನಿಂತಿದೆಯೇ ಎಂದು ನೋಡಿಕೊಂಡು, ಪೈಪಿನ ನಟ್ಟನ್ನು ಮೊದಲ ಕೆಲವು ಸುತ್ತು ಬರಿಗೈಯಿಂದಲೇ ತಿರುಗಿಸಿರಿ; ಆರಂಭದಿಂದಲೇ ಸ್ಪ್ಯಾನರ್ ಹಾಕಿದರೆ ಮರೆ (ಥ್ರೆಡ್) ಕೆಡುತ್ತದೆ. ತಾಮ್ರದ ವಾಷರಿದ್ದರೆ ಹೊಸತನ್ನೇ ಹಾಕಿರಿ. ಯಾವ ಭಾಗವನ್ನೂ ಡೀಸೆಲ್ಲಿನಿಂದಾಗಲಿ ಪೆಟ್ರೋಲಿನಿಂದಾಗಲಿ ತೊಳೆಯಬೇಡಿರಿ, ರಬ್ಬರು ಊದಿಕೊಳ್ಳುತ್ತದೆ.

ಇನ್ನು ಗಾಳಿಯನ್ನು ಹೊರಹಾಕುವ, ಗ್ಯಾರೇಜಿನ ಮಾತಿನಲ್ಲಿ 'ಏರ್ ತೆಗೆಯುವ' ಕಾರ್ಯ. ಹೊಸ ಸಿಲಿಂಡರು ಹಾಕಿದರೂ ಪೆಡಲು ಸರಿಹೋಗಲಿಲ್ಲವೆಂದು ದೂರುವವರೆಲ್ಲ ಪ್ರಾಯಶಃ ಎಡವುವುದು ಇಲ್ಲಿಯೇ. ಆಯಿಲನ್ನು ಎಷ್ಟು ಒತ್ತಿದರೂ ಕುಗ್ಗದು, ಗಾಳಿ ಕುಗ್ಗುತ್ತದೆ; ಆದುದರಿಂದ ಮಾರ್ಗದಲ್ಲಿ ಗುಳ್ಳೆಗಳು ಉಳಿದರೆ ಪೆಡಲಿನ ಚಲನೆಯೆಲ್ಲ ಅವುಗಳನ್ನು ಕುಗ್ಗಿಸುವುದರಲ್ಲೇ ತೀರಿ, ಫೋರ್ಕಿಗೆ ತಲುಪುವುದು ಅಲ್ಪ. ಲೋವರಿನಲ್ಲಿ ಗಾಳಿಯನ್ನು ಹೊರಬಿಡಲೆಂದೇ ಇರುವ ನಿಪ್ಪಲ್ಲಿಗೆ ಪಾರದರ್ಶಕ ನಳಿಕೆಯನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲಿರುವ ಬಾಟಲಿಯಲ್ಲಿ ಮುಳುಗಿಸಿರಿ. ಮೇಲೆ ಕುಳಿತವನು ಪೆಡಲನ್ನು ನಿಧಾನವಾಗಿ ಪೂರ್ತಿ ಒತ್ತಿ, 'ಒತ್ತಿದೆ ಅಣ್ಣಾ' ಎಂದು ಕೂಗಿ, ಹಾಗೆಯೇ ಹಿಡಿದಿರಬೇಕು. ಕೆಳಗಿದ್ದವನು ನಿಪ್ಪಲ್ಲನ್ನು ಅರ್ಧ ಸುತ್ತು ಬಿಚ್ಚಿ, ಆಯಿಲು ಚಿಮ್ಮಿ ಸಾಸಿವೆ ಗಾತ್ರದ ಗುಳ್ಳೆಗಳು ನಳಿಕೆಯಲ್ಲಿ ಓಡುವುದನ್ನು ನೋಡಿ, ಪುನಃ ಬಿಗಿದು, ಆಮೇಲೆಯೇ 'ಬಿಡು' ಎನ್ನಬೇಕು. ಮೇಲಿನವನು ಈ ಮಾತಿಗೆ ಕಾಯದೆ ಕಾಲೆತ್ತಿದರೆ, ಹೊರಗಿನ ಗಾಳಿಯು ತೆರೆದ ನಿಪ್ಪಲ್ಲಿನ ಮರೆಗಳ ಸಂದಿನಿಂದ ಒಳನುಗ್ಗುತ್ತದೆ. ರಸ್ತೆಯ ಹಾರನ್ನುಗಳ ಗದ್ದಲದಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಿಸದೆ ಹೀಗಾಗುವುದೇ ಹೆಚ್ಚು. ಕೂಗು ಕೇಳಿಸದಲ್ಲಿ ಷಾಸಿಗೆ ಸ್ಪ್ಯಾನರಿನಿಂದ ಬಡಿದು ಸಂಕೇತ ಮಾಡಿರಿ. ಗುಳ್ಳೆಗಳು ನಿಂತ ಮೇಲೂ ಇನ್ನೆರಡು ಸಲ ಹೀಗೆಯೇ ಮಾಡಿರಿ. ನಡುವೆ ಮೇಲಿನ ಡಬ್ಬಿ ಬರಿದಾಗಲು ಬಿಟ್ಟರೆ ಮಾಡಿದ ಶ್ರಮವೆಲ್ಲ ವ್ಯರ್ಥವಾಗಿ ಮೊದಲಿನಿಂದ ತೊಡಗಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮವುಂಟು: ಕೆಲವು ಸಿಲಿಂಡರುಗಳಲ್ಲಿ ಪೈಪಿಗೂ ನಿಪ್ಪಲ್ಲಿಗೂ ಒಂದೇ ಅಳತೆಯ ರಂಧ್ರಗಳಿರುವುದರಿಂದ ಅವು ಅದಲುಬದಲಾಗುವ ಸಂಭವವಿದೆ. ಗಾಳಿ ಮೇಲಕ್ಕೇರುವ ವಸ್ತು. ನಿಪ್ಪಲ್ಲು ಕೆಳಗಿದ್ದರೆ ದಿನವಿಡೀ ತುಳಿದರೂ ಅದು ಹೊರಬಾರದು.

ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲನ್ನೇ, ಡಾಟ್ 3 ಅಥವಾ ಡಾಟ್ 4, ಸೀಲು ಒಡೆಯದ ಬಾಟಲಿಯಿಂದ ಹಾಕಿರಿ. ಕಳೆದ ಮಳೆಗಾಲದಲ್ಲಿ ತೆರೆದಿಟ್ಟ ಬಾಟಲಿ ಬೇಡ. ಡಾಟ್ 3ರ ಕುದಿಬಿಂದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮ. ತೇವ ಹೀರಿದ ಮೇಲೆ ಅದೇ 140 ಇದ್ದರೆ ಸಾಕು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಪೆಡಲಿನ ಫ್ರೀ ಪ್ಲೇಯನ್ನು, ಎಂದರೆ ಒತ್ತಡ ಹುಟ್ಟುವ ಮುಂಚಿನ ಸಡಿಲ ಚಲನೆಯನ್ನು, ಕೈಪಿಡಿಯ ಅಳತೆಗೆ ಸರಿಹೊಂದಿಸಿರಿ. ಅದು ಇಲ್ಲದಿದ್ದರೆ ಪ್ಲೇಟು ಜಾರಿ ಸವೆಯುತ್ತದೆ. ಖಾಲಿ ಗಾಡಿಯನ್ನು ಒಂದು ಸುತ್ತು ಓಡಿಸಿ, ಮರುದಿನ ಬೆಳಗ್ಗೆ ಮಟ್ಟವನ್ನೂ ಪೈಪಿನ ಕೂಡುನಟ್ಟನ್ನೂ ನೋಡಿರಿ. ಮಟ್ಟ ಒಂದಿಷ್ಟು ಇಳಿದಿದ್ದರೂ ಹೊರೆ ಹೇರಬೇಡಿರಿ, ಮೊದಲು ಸೋರುವ ಜಾಗವನ್ನು ಹುಡುಕಿರಿ.