ಮಾತೃಭಾಷೆಯ ಶಿಕ್ಷಣವೂ ಕಾಯಿದೆಯೂ

ಸರಕಾರವು ಪ್ರಜೆಗಳಿಗೆ ಮಾಡುವ ಉಪಕಾರ ಬೇರೆ, ಕಾಯಿದೆಯಿಂದ ಪ್ರಜೆಗಳಿಗೆ ಬಂದ ಹಕ್ಕು ಬೇರೆ. ಉಪಕಾರವು ಅಧಿಕಾರಿಯ ಮನಸ್ಸನ್ನು ಅವಲಂಬಿಸಿರುತ್ತದೆ. ಹಕ್ಕು ಅಧಿಕಾರಿ ಬದಲಾದರೂ ಉಳಿಯುತ್ತದೆ. ಜತ್ತ ತಾಲ್ಲೂಕಿನ ಮಗುವೊಂದು ಕನ್ನಡದಲ್ಲಿ ಅಕ್ಷರ ಕಲಿಯುವುದು ಇವೆರಡರಲ್ಲಿ ಯಾವುದು? ಇದನ್ನು ನಮ್ಮ ವಿದ್ಯಾರ್ಥಿಗಳೂ ಪಾಲಕರೂ ಸ್ಪಷ್ಟವಾಗಿ ತಿಳಿದಿರುವುದು ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮ ಸ್ಥಿತಿಯನ್ನು ನೋಡೋಣ. ಜತ್ತವು ಡಫಳೆ ಮನೆತನದವರ ಚಿಕ್ಕ ಸಂಸ್ಥಾನವಾಗಿತ್ತು. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; 1949ರಲ್ಲಿ ರಚಿತವಾದ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ನೆರೆಯ ವಿಜಾಪುರ, ಬೆಳಗಾವಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದಾಗ ಜತ್ತವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವು ಹುಟ್ಟಿತು. ಅದೇ ವರ್ಷ ನಮ್ಮ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದಿತು. ಇಷ್ಟೆಲ್ಲ ನಡೆಯುವಾಗ ಸಂಖ, ಉಮದಿಯ ಕಡೆಯ ರೈತನು ತನ್ನ ಹೊಲವನ್ನಾಗಲಿ ಮನೆಮಾತನ್ನಾಗಲಿ ಬದಲಿಸಲಿಲ್ಲ. ಆಡಳಿತದ ಗಡಿಗಳು ಬದಲಾದುವು. ಅವನು ಇದ್ದಲ್ಲಿಯೇ ಭಾಷಾ ಅಲ್ಪಸಂಖ್ಯಾತನಾದನು.

ಇಂತಹ ಜನರು ಪ್ರಪಂಚದ ಅನೇಕ ದೇಶಗಳಲ್ಲಿದ್ದಾರೆ. ಆಯಾ ಸರಕಾರಗಳು ಅವರ ಶಾಲೆಗಳನ್ನು ಹೇಗೆ ನಡೆಸಿಕೊಂಡುವು, ನ್ಯಾಯಾಲಯಗಳು ಏನೆಂದುವು ಎಂಬುದಕ್ಕೆ ಮೂರು ನಿದರ್ಶನಗಳನ್ನು ನೋಡೋಣ.

ಮೊದಲನೆಯದು ಅಮೇರಿಕೆಯದು. ಮೊದಲನೆಯ ಮಹಾಯುದ್ಧದ ತರುವಾಯ, 1919ರಲ್ಲಿ, ನೆಬ್ರಾಸ್ಕ ರಾಜ್ಯವು ಎಳೆಯ ಮಕ್ಕಳಿಗೆ ಇಂಗ್ಲಿಷಿನ ಹೊರತು ಬೇರೆ ಆಧುನಿಕ ಭಾಷೆಯನ್ನು ಕಲಿಸಬಾರದೆಂದು ಕಾಯಿದೆ ಮಾಡಿತು. ರಾಬರ್ಟ್ ಮೇಯರ್ ಎಂಬ ಶಿಕ್ಷಕನು ಹತ್ತು ವರ್ಷದ ಬಾಲಕನಿಗೆ ಜರ್ಮನ್ ಭಾಷೆಯನ್ನು ಓದಿಸಿದನು. ಅದಕ್ಕಾಗಿ 25 ಡಾಲರ್ ದಂಡ ತೆರಬೇಕಾಯಿತು. ಮೊಕದ್ದಮೆಯು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1923ರಲ್ಲಿ ಆ ನ್ಯಾಯಾಲಯವು ಶಿಕ್ಷಕನಿಗೆ ಕಲಿಸುವ ಸ್ವಾತಂತ್ರ್ಯವೂ ಪಾಲಕರಿಗೆ ಕಲಿಸಿಕೊಳ್ಳುವ ಸ್ವಾತಂತ್ರ್ಯವೂ ಉಂಟೆಂದು ಹೇಳಿ ಶಿಕ್ಷೆಯನ್ನು ರದ್ದುಪಡಿಸಿತು.

ಎರಡನೆಯದು ಅಲ್ಬೇನಿಯ ದೇಶದ್ದು. ಅದು 1933ರಲ್ಲಿ ಎಲ್ಲ ಖಾಸಗಿ ಶಾಲೆಗಳನ್ನೂ ಮುಚ್ಚಿಸಿತು. ಗ್ರೀಕ್ ಭಾಷೆಯ ಅಲ್ಪಸಂಖ್ಯಾತರು ಆಕ್ಷೇಪಿಸಿದಾಗ, ಕಾಯಿದೆಯು ಎಲ್ಲರಿಗೂ ಒಂದೇ ಆಗಿರುವಾಗ ಅನ್ಯಾಯವೆಲ್ಲಿಯದೆಂದು ಸರಕಾರವು ವಾದಿಸಿತು. 1935ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಬಹುಸಂಖ್ಯಾತರ ಮಕ್ಕಳಿಗೆ ತಮ್ಮ ಭಾಷೆಯ ಸರಕಾರಿ ಶಾಲೆಗಳಿದ್ದುವು. ಅಲ್ಪಸಂಖ್ಯಾತರು ತಮ್ಮ ಶಾಲೆಯನ್ನೇ ಕಳೆದುಕೊಂಡಿದ್ದರು. ಸಮಾನತೆಯು ಕಾಗದದ ಮೇಲಿದ್ದರೆ ಸಾಲದು, ವ್ಯವಹಾರದಲ್ಲಿಯೂ ಇರಬೇಕು ಎಂಬುದೇ ಆ ಅಭಿಪ್ರಾಯದ ಸಾರ. ಈ ಮಾತು ನಮಗೂ ಅನ್ವಯಿಸುತ್ತದೆ. ಕನ್ನಡ ಶಾಲೆಗೆ ಕನ್ನಡವರಿಯದ ಶಿಕ್ಷಕರು ಬಂದರೆಂದು ಭಾವಿಸಿರಿ. ಲೆಕ್ಕದಲ್ಲಿ ಶಿಕ್ಷಕರ ಸಂಖ್ಯೆಯು ಪೂರ್ಣವಾಗಿರುತ್ತದೆ. ಒಂದನೆಯ ಇಯತ್ತೆಯ ಮಗುವಿಗೆ ಮಾತ್ರ ಪಾಠವು ತಿಳಿಯುವುದಿಲ್ಲ.

ಮೂರನೆಯದು ಬೆಲ್ಜಿಯಮ್ ದೇಶದ್ದು. ಡಚ್ ಭಾಷೆಯ ಪ್ರದೇಶದಲ್ಲಿದ್ದ ಫ್ರೆಂಚ್ ಭಾಷೆಯ ಪಾಲಕರು ಸರಕಾರವು ತಮ್ಮ ಭಾಷೆಯಲ್ಲಿ ಶಾಲೆ ನಡೆಸಬೇಕೆಂದು ಕೇಳಿದರು. 1968ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಒಂದು ಅಂಶದಲ್ಲಿ ಮಾತ್ರ ಅವರ ಪರವಾಗಿ ತೀರ್ಪಿತ್ತಿತು. ಪ್ರತಿಯೊಬ್ಬರ ಭಾಷೆಯಲ್ಲಿ ಶಾಲೆ ನಡೆಸುವ ಹೊಣೆಯು ಮಾನವ ಹಕ್ಕುಗಳ ಒಪ್ಪಂದದಿಂದ ಸರಕಾರದ ಮೇಲೆ ಬೀಳುವುದಿಲ್ಲವೆಂದು ಅದು ಹೇಳಿತು. ಕಲಿಯುವುದನ್ನು ತಡೆಯದಿರುವುದು ಒಂದು, ಕಲಿಯಲು ಅನುಕೂಲ ಮಾಡಿಕೊಡುವುದು ಇನ್ನೊಂದು. ಎರಡನೆಯದಕ್ಕೆ ಬೇರೆಯೇ ಆಧಾರ ಬೇಕು.

ನಮ್ಮ ಸಂವಿಧಾನದಲ್ಲಿ ಎರಡಕ್ಕೂ ಆಧಾರವಿದೆ. ಸ್ವಂತ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕು 29ನೆಯ ಕಲಮಿನಲ್ಲಿದೆ. ಅಲ್ಪಸಂಖ್ಯಾತರು ಶಿಕ್ಷಣಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು 30ನೆಯದರಲ್ಲಿದೆ. ಇವು ಮೂಲಭೂತ ಹಕ್ಕುಗಳು. 1956ರಲ್ಲಿ ರಾಜ್ಯಗಳ ಪುನರ್ರಚನೆಯೊಡನೆ 350 ಎ ಎಂಬ ಕಲಮನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಾನಿಕ ಸಂಸ್ಥೆಯೂ ಯತ್ನಿಸಬೇಕೆಂದು ಅದು ವಿಧಿಸುತ್ತದೆ. ನಮ್ಮಲ್ಲಿ ಆ ಸ್ಥಾನಿಕ ಸಂಸ್ಥೆಯೆಂದರೆ ಜಿಲ್ಲಾ ಪರಿಷತ್ತು. 350 ಬಿ ಕಲಮಿನ ಮೇರೆಗೆ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯು ಇಂತಹ ವಿಷಯಗಳನ್ನು ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸಬೇಕು. ಪ್ರಾಂತಗಳ ಶಿಕ್ಷಣ ಮಂತ್ರಿಗಳು 1949ರ ಸಮ್ಮೇಳನದಲ್ಲಿ ಇದಕ್ಕೆ ಅಳತೆಯನ್ನೂ ಕೊಟ್ಟಿದ್ದರು: ಶಾಲೆಯಲ್ಲಿ 40 ಅಥವಾ ಒಂದು ವರ್ಗದಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಒಬ್ಬ ಶಿಕ್ಷಕರಾದರೂ ಇರಬೇಕು. ಪುಣೆಯ ಬಾಲಭಾರತಿಯು ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸುವುದೂ ಇದೇ ಕರ್ತವ್ಯದ ಒಂದು ಭಾಗ.

ಹಕ್ಕಿನೊಡನೆ ಅದರ ಎಲ್ಲೆಯನ್ನೂ ಅರಿಯಬೇಕು. ಅಲ್ಪಸಂಖ್ಯಾತರ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ವಿಷಯವಾಗಿಸಿದ್ದು ಸರಿಯೆಂದು 2004ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಹೇಳಿತು. ನಾವು ಬಾಳುವ ರಾಜ್ಯದ ಭಾಷೆಯನ್ನು ಕಲಿಯುವುದರಿಂದ ನಮ್ಮ ಮಕ್ಕಳಿಗೆ ಲಾಭವೇ ಹೊರತು ಹಾನಿಯಿಲ್ಲ. ಕರ್ನಾಟಕದ ಮೊಕದ್ದಮೆಯೊಂದರಲ್ಲಿ, ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದು, ಮಾತೃಭಾಷೆಯನ್ನು ಸರಕಾರವು ಹೇರಲಾಗದು ಎಂದು ಅದೇ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಆದುದರಿಂದ ಕನ್ನಡ ಶಾಲೆಯ ಅಳಿವು ಉಳಿವು ಬಹುಮಟ್ಟಿಗೆ ಪಾಲಕರ ಕೈಯಲ್ಲಿದೆ. ಹಾಜರಿಪಟ್ಟಿಯಲ್ಲಿ ಮಕ್ಕಳ ಹೆಸರುಗಳಿಲ್ಲದಿದ್ದರೆ 350 ಎ ಕಲಮು ಯಾರಿಗೆ ಅನುಕೂಲ ಒದಗಿಸೀತು?

ಪಾಲಕರು ಮಾಡಬೇಕಾದುದು ಕಷ್ಟದ ಕೆಲಸವಲ್ಲ. ಮಗುವಿನ ಮಾತೃಭಾಷೆ ಕನ್ನಡವೆಂದು ಶಾಲೆಯ ದಾಖಲೆಯಲ್ಲಿ ಸರಿಯಾಗಿ ಬರೆಯಿಸಿರಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು. ಅದರ ಸಭೆಗಳಿಗೆ ತಪ್ಪದೆ ಬನ್ನಿರಿ. ಶಿಕ್ಷಕರ ಅಥವಾ ಪುಸ್ತಕಗಳ ಕೊರತೆಯಿದ್ದರೆ ಠರಾವು ಮಾಡಿ ಗಟ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಡಿರಿ, ಅದರ ನಕಲನ್ನು ಇಟ್ಟುಕೊಳ್ಳಿರಿ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಲು 350ನೆಯ ಕಲಮು ಅವಕಾಶ ಕೊಡುತ್ತದೆ.

ಇನ್ನೊಂದು ಮಾತು. ನಾವು ಇಲ್ಲಿ ಕೇಳುವ ಹಕ್ಕು ಬೆಳಗಾವಿಯ ಮರಾಠಿ ಮಗುವಿಗೂ ಅಷ್ಟೇ ಉಂಟು. ಅದೂ ನಮ್ಮ ಮಗುವಿನಂತೆಯೇ ಗಡಿಯ ಈಚೆಗೋ ಆಚೆಗೋ ಹುಟ್ಟಿದುದು. ನೆರೆಯವರಿಗೆ ಒಪ್ಪದ ನ್ಯಾಯವನ್ನು ತನಗಾಗಿ ಬೇಡುವವನ ಮಾತಿಗೆ ತೂಕವಿರುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೆ ಅಭ್ಯಾಸಕ್ಕಾಗಿ ಎರಡು ಪ್ರಶ್ನೆಗಳನ್ನು ಕೊಡುತ್ತೇವೆ. 30ನೆಯ ಕಲಮಿಗೂ 350 ಎ ಕಲಮಿಗೂ ಇರುವ ವ್ಯತ್ಯಾಸವೇನು? ಅಲ್ಬೇನಿಯದ ಕಾಯಿದೆಯು ಎಲ್ಲರಿಗೂ ಒಂದೇ ಆಗಿದ್ದರೂ ಏಕೆ ಅನ್ಯಾಯವಾಯಿತು? ಉತ್ತರಗಳನ್ನು ಬರೆದು ಮನೆಯಲ್ಲಿ ತಂದೆತಾಯಿಗಳಿಗೆ ಓದಿ ಹೇಳಿರಿ. ಅವರಿಗೆ ಓದುಬರಹ ಬಾರದಿದ್ದರೂ ಕನ್ನಡವು ತಿಳಿಯುತ್ತದೆ.