ತರಕಾರಿ ತೋಟದ ತುಂಡು ಭೂಮಿ: ಒಪ್ಪಿಕೊಳ್ಳುವ ಮುನ್ನ

ಮಹಾನಗರಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಸ್ವಂತ ಹಿತ್ತಿಲೆಂಬುದು ಅಪರೂಪ. ಆದರೂ ವಸತಿ ಸಂಘದ ಆವರಣದಲ್ಲಿಯೋ ಕಚೇರಿಯ ವಸತಿಗೃಹಗಳ ಹಿಂಭಾಗದಲ್ಲಿಯೋ ಖಾಲಿ ಉಳಿದ ನೆಲವನ್ನು ಪಾಲು ಮಾಡಿ, ತರಕಾರಿ ಬೆಳೆಯಲು ನಿವಾಸಿಗಳಿಗೆ ಕೊಡುವುದುಂಟು. ಅಂತಹ ಅವಕಾಶ ಒದಗಿದಾಗ ತೋಟಗಾರಿಕೆಯ ಅನುಭವವಿಲ್ಲದವರು ಏನನ್ನು ಯೋಚಿಸಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಸಲಾಗಿದೆ.

ಬ್ರಿಟನ್ನಿನ ಅನುಭವ

ಈ ಪದ್ಧತಿ ಬ್ರಿಟನ್ನಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. 1908ರ ಶಾಸನವು ಬೇಡಿಕೆಯಿರುವೆಡೆ ಇಂತಹ ಭೂಮಿಯನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಅಲ್ಲಿ ಒಂದು ಪೂರ್ಣ ಪಾಲಿನ ವಿಸ್ತೀರ್ಣ ಸುಮಾರು 250 ಚದರ ಮೀಟರು. ಉತ್ಸಾಹದಿಂದ ಪೂರ್ಣ ಪಾಲನ್ನು ಪಡೆದು, ಕಳೆಯನ್ನು ನಿಭಾಯಿಸಲಾಗದೆ ಕೈಬಿಡುವ ಹೊಸಬರು ಅಲ್ಲಿಯೂ ಇದ್ದಾರೆ. ಆದುದರಿಂದಲೇ ಅನೇಕ ಕಡೆ ಈಗ ಅರ್ಧ ಪಾಲನ್ನು ಅಥವಾ ಅದಕ್ಕಿಂತ ಚಿಕ್ಕದನ್ನು ಕೊಡುವ ಏರ್ಪಾಡಿದೆ. ಆಸೆಯನ್ನಲ್ಲ, ಶಕ್ತಿಯನ್ನು ಅಳೆದು ನೆಲವನ್ನು ಪಡೆಯಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ನೀರಿನ ಲೆಕ್ಕ

ನಮ್ಮ ನಗರಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದು. ಬೇಸಿಗೆಯಲ್ಲಿ ತರಕಾರಿ ಮಡಿಗೆ ಪ್ರತಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರು ನೀರು ಬೇಕಾಗುತ್ತದೆ. 10 ಚದರ ಮೀಟರಿಗೆ 50 ಲೀಟರು, ಎಂದರೆ 15 ಲೀಟರು ಹಿಡಿಯುವ ಬಕೆಟ್ಟಿನಲ್ಲಿ ಮೂರು ನಾಲ್ಕು ಬಕೆಟ್ಟುಗಳಾದವು. ಇದನ್ನು ಒಬ್ಬರು ಹೊತ್ತು ಹಾಕಬಹುದು. ಅದೇ 250 ಚದರ ಮೀಟರಿಗಾದರೆ ಎಂಬತ್ತಕ್ಕೂ ಹೆಚ್ಚು ಬಕೆಟ್ಟುಗಳು ಬೇಕು. ಕೊಳಾಯಿ ಎಷ್ಟು ದೂರದಲ್ಲಿದೆ, ಮೇ ತಿಂಗಳಲ್ಲಿ ಅದರಲ್ಲಿ ನೀರು ಬರುವುದೇ, ಅದರ ವೆಚ್ಚವನ್ನು ಭರಿಸುವವರು ಯಾರು ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಚರಂಡಿಯ ನೀರನ್ನು ಯಾವ ಕಾರಣಕ್ಕೂ ತರಕಾರಿಗೆ ಹಾಯಿಸಬಾರದು.

ಮಣ್ಣು ಮತ್ತು ಬಿಸಿಲು

ನೆಲದ ಮೇಲೆ ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳಬೇಕು. ಎತ್ತರದ ಕಟ್ಟಡಗಳ ನೆರಳು ಬೆಳಿಗ್ಗೆ, ಮಧ್ಯಾಹ್ನ ಮತ್ತು ಸಂಜೆ ಎಲ್ಲಿ ಬೀಳುವುದೆಂಬುದನ್ನು ಗಮನಿಸಿರಿ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿರಿ. ಮರುದಿನವೂ ನೀರು ನಿಂತಿದ್ದರೆ ಬೇರು ಕೊಳೆಯುವ ಸಂಭವವಿದೆ. ಅಲ್ಲಿ ಮಡಿಗಳನ್ನು ಎತ್ತರಿಸಬೇಕಾಗುತ್ತದೆ. ಇಟ್ಟಿಗೆ ಚೂರು, ಸಿಮೆಂಟು, ಗಾಜು ಕಂಡುಬಂದಲ್ಲಿ ಹೊರಗಿನಿಂದ ಮಣ್ಣು ತರಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಂದೆ ಕಾರ್ಖಾನೆ ಅಥವಾ ವಾಹನ ದುರಸ್ತಿಯ ಜಾಗವಾಗಿದ್ದ ನೆಲದಲ್ಲಿ ಸೀಸದಂತಹ ವಿಷಲೋಹಗಳು ಉಳಿದಿರಬಹುದು. ಸಾಮಾನ್ಯ ಮಣ್ಣು ಪರೀಕ್ಷೆಯಿಂದ ಇವು ತಿಳಿಯುವುದಿಲ್ಲ. ಪ್ರತ್ಯೇಕ ಪರೀಕ್ಷೆ ಮಾಡಿಸದೆ ಅಂತಹ ನೆಲದಲ್ಲಿ ಸೊಪ್ಪು ಬೆಳೆಯುವುದು ಕ್ಷೇಮವಲ್ಲ.

ಸಮಯ ಮತ್ತು ಋತು

10 ಚದರ ಮೀಟರಿನ ತೋಟಕ್ಕೆ ದಿನವೂ ಅರ್ಧ ಗಂಟೆ, ರಜೆಯ ದಿನ ಎರಡು ಗಂಟೆ ಮೀಸಲಿಡಬೇಕು. ಹೊರನಾಡಿನ ಕನ್ನಡಿಗರಲ್ಲಿ ಅನೇಕರು ಮಕ್ಕಳ ಬೇಸಿಗೆ ರಜೆಯಲ್ಲಿ ಊರಿಗೆ ತೆರಳುತ್ತಾರೆ. ಗಿಡಗಳಿಗೆ ನೀರು ಅತಿ ಹೆಚ್ಚಾಗಿ ಬೇಕಾಗುವುದೂ ಆಗಲೇ. ನೀರುಣಿಸಲು ನೆರೆಯವರು ಒಪ್ಪದಿದ್ದರೆ ಬೇಸಿಗೆಯಲ್ಲಿ ನೆಲವನ್ನು ಬೀಡು ಬಿಡುವುದೇ ಲೇಸು.

ಆರಂಭದ ಕಾಲವೂ ಮುಖ್ಯ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಮುಂಗಾರು ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಮೆಂತ್ಯ, ಪಾಲಕ್, ಮೂಲಂಗಿಗಳಿಂದ ತೊಡಗುವುದು ಸುಲಭ. ದೆಹಲಿಯಲ್ಲಿಯೂ ಚಳಿಗಾಲದ ತರಕಾರಿಗೆ ಅದೇ ಸಕಾಲ. ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ ಸುರಿಯುವುದರಿಂದ ಜನವರಿಯವರೆಗೆ ಕಾಯುವುದು ಉತ್ತಮ. ಮೆಂತ್ಯ, ಹರಿವೆಗಳು ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತವೆ. ಬೆಂಡೆಗೆ ಒಂದೂವರೆ ತಿಂಗಳಿಗೂ ಹೆಚ್ಚು ಕಾಲ ಬೇಕು. ಟೊಮೇಟೊ, ಬದನೆಗಳಿಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು.

ನಿರ್ಧಾರ

ಅನುಮತಿ ಎಷ್ಟು ಅವಧಿಗೆ, ನೆಲವನ್ನು ಹಿಂದಕ್ಕೆ ಪಡೆಯುವುದಾದರೆ ಎಷ್ಟು ದಿನ ಮುಂಚಿತವಾಗಿ ತಿಳಿಸುವರು ಎಂಬುದು ಬರವಣಿಗೆಯಲ್ಲಿರಲಿ. ಮೊದಲ ವರ್ಷದಲ್ಲಿ ಹಣದ ಉಳಿತಾಯವನ್ನು ನಿರೀಕ್ಷಿಸಬಾರದು. ಗೊಬ್ಬರ, ಬೀಜ, ಸಲಕರಣೆಗಳ ವೆಚ್ಚವು ಬೆಳೆದ ತರಕಾರಿಯ ಬೆಲೆಯನ್ನು ಮೀರಬಹುದು.

ಇಷ್ಟಾದರೂ ಸಂದೇಹ ಉಳಿದಲ್ಲಿ, ಒಪ್ಪಿಗೆ ನೀಡುವ ಮೊದಲು ಐದು ಕುಂಡಗಳಲ್ಲಿ ಹರಿವೆ, ಮೆಂತ್ಯ, ಬೆಂಡೆಗಳನ್ನು ಬಿತ್ತಿ ಎರಡು ತಿಂಗಳು ಸಾಕಿ ನೋಡಿರಿ. ಬೇಸರವಿಲ್ಲದೆ ದಿನವೂ ನೀರೆರೆದಿದ್ದರೆ ನೀವು 10 ಚದರ ಮೀಟರಿನ ನೆಲವನ್ನು ಧೈರ್ಯವಾಗಿ ಪಡೆಯಬಹುದು. ಕುಂಡಗಳೇ ಒಣಗಿದ್ದರೆ ಸದ್ಯಕ್ಕೆ ಬೇಡವೆನ್ನುವುದರಲ್ಲಿ ಅವಮಾನವೇನಿಲ್ಲ. ಹಾಳುಬಿಟ್ಟ ತುಂಡು ಭೂಮಿಯ ಕಳೆಯು ನೆರೆಯವರ ಮಡಿಗೂ ಹಬ್ಬುತ್ತದೆ. ನೆಲಕ್ಕಾಗಿ ಕಾದಿರುವ ಇನ್ನೊಂದು ಕುಟುಂಬದ ಅವಕಾಶವೂ ತಪ್ಪುತ್ತದೆ. ಅರಿತು ಒಪ್ಪಿಕೊಂಡ ಚಿಕ್ಕ ನೆಲವಾದರೋ ಮನೆಯ ಊಟಕ್ಕೆ ತಾಜಾ ಸೊಪ್ಪನ್ನೂ, ಅನ್ನ ಬೆಳೆಯುವವರ ಶ್ರಮದ ಅರಿವನ್ನು ಮಕ್ಕಳಿಗೂ ಒದಗಿಸುತ್ತದೆ.